ರತ್ನಳ ಎರಡನೆಯ ಮತ

ರತ್ನಾ, ಪಂಚಾಯ್ತಿ ಆಟದ ದಿನ ಸುಳ್ಳು ಹೇಳಿದವಳು ನೀನಲ್ಲ, ನಾನು. ನಿನಗೆ ಸಮಾಜ ಪಾಠ ಮಾಡಿದ ಮೇಷ್ಟ್ರು. ಇಷ್ಟು ವರ್ಷ ಈ ಮಾತು ನನ್ನೊಳಗೇ ಉಳಿದುಬಿಟ್ಟಿತು — ಈಗಲೂ ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲವೆಂದು ಹೆದರಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ. ಹೊಸ ಪಂಚಾಯ್ತಿ ಕಾನೂನು ಬಂದು, ಹೆಂಗಸರಿಗೂ ಮೀಸಲು ಸಿಕ್ಕ ಕಾಲ. ಹೊಳೆನರಸೀಪುರದ ಆಚೆಗಿದ್ದ ನಮ್ಮ ಹೈಸ್ಕೂಲಿನಲ್ಲಿ ಆ ಪಾಠ ಓದಿಸುವಾಗ ನನಗೇ ಆಕಳಿಕೆ ಬರುತ್ತಿತ್ತು. ಆಟವಾಡಿಸಿದರೆ ಕಲಿತಾರು ಎಂದುಕೊಂಡೆ. ಬೆಂಚುಗಳನ್ನು ಎದುರುಬದುರು ಹಾಕಿಸಿದೆ. ಹುಣಸೆಬೀಜವೇ ಪಂಚಾಯ್ತಿಯ ದುಡ್ಡು. ಚೀಟಿ ಎತ್ತಿದಾಗ ಅಧ್ಯಕ್ಷಗಿರಿ ನಿನಗೆ ಬಂತು — ಕಾಲೋನಿಯ ಹುಡುಗಿ, ಕೊನೆಯ ಬೆಂಚು, ಕೇಳಿದ್ದಕ್ಕೂ ಬಾಯಿ ಬಿಡದವಳು. ಕೆಲವೇ ದಿನಗಳಲ್ಲಿ ನೀನು ಸ್ಕೇಲು ಕುಟ್ಟಿ ಸದಸ್ಯರ ಗಲಾಟೆ ನಿಲ್ಲಿಸುತ್ತಿದ್ದೆ. ನಾನು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು.

ಸುಮ್ಮನಿರಲಾರದೆ ಆಟ ನೋಡಲು ಊರ ಗೌಡರನ್ನೂ ಕರೆದೆ. ಅವರು ನಿಜವಾದ ಪಂಚಾಯ್ತಿಯ ಅಧ್ಯಕ್ಷರು. ಅವರ ಮಗ ಮಂಜು ನಿನ್ನ ಸಭೆಯಲ್ಲಿ ಒಬ್ಬ ಸದಸ್ಯ. ನನಗೆ ಹಾಸನಕ್ಕೆ ವರ್ಗವಾಗಬೇಕಿತ್ತು. ಗೌಡರು ಮೇಲಿನವರ ಕಿವಿಗೆ ಒಂದು ಮಾತು ಹಾಕಿದರೆ ಆಗುತ್ತಿತ್ತು. ಕರೆದದ್ದು ಆಟ ತೋರಿಸಲೋ, ನನ್ನನ್ನು ತೋರಿಸಿಕೊಳ್ಳಲೋ — ಬಿಡು, ಅದೂ ಗೊತ್ತೇ ಇದೆ.

ಅವತ್ತು ಬೀಜ ಇದ್ದದ್ದು ಒಂದು ಬೋರ್‌ವೆಲ್‌ಗೆ ಮಾತ್ರ. ದೇವಸ್ಥಾನದ ಮುಂದೆ ಕೊರೆಸಬೇಕೋ, ಕಾಲೋನಿಯಲ್ಲೋ? ಆಟವೇ, ನಿಜ. ಆದರೆ ನಿಮ್ಮ ಕಾಲೋನಿಯಲ್ಲಿ ನಿಜವಾಗಿಯೂ ನೀರಿರಲಿಲ್ಲ. ಕೈ ಎತ್ತಿಸಿದರೆ ಎರಡೂ ಕಡೆ ಸಮ. ನೀನು ಎದ್ದು ನಿಂತೆ.

"ಸಮ ಬಂದೈತೆ ಸಾ. ಅಧ್ಯಕ್ಷರ್ದು ಇನ್ನೊಂದು ಓಟು ಐತಲ್ಲ, ಅದು ನಂದು. ಕಾಲೋನಿಗೆ."

ಕಾನೂನು ಹಾಗೆಯೇ ಇದೆ. ಮತ ಸಮವಾದರೆ ಅಧ್ಯಕ್ಷರು ಇನ್ನೊಂದು ಮತ ಹಾಕಿ ತೀರ್ಮಾನ ಮಾಡಬಹುದು. ಹಿಂದಿನ ದಿನ ನಾನೇ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ.

ಗೌಡರು ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಏನ್ ಮೇಷ್ಟ್ರೇ, ಒಬ್ಳಿಗೆ ಎಲ್ಡು ಓಟಾ? ಐಕ್ಳಿಗೆ ಇದ್ನೇನಾ ಯೋಳ್ಕೊಡಾದು?"

ಅಷ್ಟೇ. ಬೈಯಲಿಲ್ಲ, ಗದರಲಿಲ್ಲ. ಆ ನಗುವೇ ನನಗೆ ಸಾಕಾಯಿತು.

"ಇಲ್ಲ ಇಲ್ಲ, ಅಧ್ಯಕ್ಷರಿಗೆ ಎರಡು ಓಟಿಲ್ಲ. ಅವಳು ತಪ್ಪು ತಿಳ್ಕೊಂಡಿದಾಳೆ."

"ನೆನ್ನೆ ನೀವೇ ಯೋಳಿದ್ರಲ್ಲ ಸಾ..."

"ನಾನ್ಯಾವಾಗ ಹೇಳ್ದೆ? ಸುಳ್ಳು ಹೇಳ್ಬೇಡ. ಕೂತ್ಕೋ."

ನೀನು ಕೂತೆ. ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ನಿಯಮ ಬರೆದುಕೊಂಡಿದ್ದ ಪುಸ್ತಕವನ್ನು ಮಂಜು ಮೆಲ್ಲಗೆ ಮುಚ್ಚಿದ್ದನ್ನು ನಾನು ನೋಡಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಮಕ್ಕಳು ಯಾರಿಗೆ ದೂರು ಹೇಳಬೇಕು? ಇನ್ನೊಮ್ಮೆ ಕೈ ಎತ್ತಿಸಿದಾಗ ಬೋರ್‌ವೆಲ್ ದೇವಸ್ಥಾನದ ಮುಂದಕ್ಕೆ ಹೋಯಿತು. ಮಾರನೆಯ ದಿನ, ಆ ಪಾಠ ಪರೀಕ್ಷೆಗೆ ಬರುವುದಿಲ್ಲ, ಬಿಟ್ಟುಬಿಡಿ ಎಂದೆ.

ಆಮೇಲೆ ನೀನು ಕೊನೆಯ ಬೆಂಚಿಗೇ ಮರಳಿದೆ. ನಾನು ಏನೇ ಪಾಠ ಹೇಳಲಿ, ನೀನು ನನ್ನ ಮುಖ ನೋಡುತ್ತಿರಲಿಲ್ಲ — ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, ನಾನು ಹೇಳಿದ್ದು ಅಲ್ಲಿದೆಯೋ ಇಲ್ಲವೋ ಎಂದು ಹುಡುಕುತ್ತಿದ್ದೆ. ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಹೌದು, ನಾಚಿಕೆಯಲ್ಲ, ಸಿಟ್ಟು. ಮುಂದಿನ ವರ್ಷ ನನಗೆ ವರ್ಗವಾಯಿತು.

ಇಲ್ಲಿಗೇ ಮುಗಿದಿದ್ದರೆ ಪ್ರಾಯಶಃ ಮರೆತೇಬಿಡುತ್ತಿದ್ದೆ. ಮೊನ್ನೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಮಂಜು ಸಿಕ್ಕಿದ. ಈಗ ಅವನು ನಿಜವಾದ ಪಂಚಾಯ್ತಿಯಲ್ಲಿ ಸದಸ್ಯ, ನೀನು ಮೀಸಲಿನಲ್ಲಿ ಗೆದ್ದು ಅಧ್ಯಕ್ಷೆ. ಹೊಸ ನೀರಿನ ಟ್ಯಾಂಕು ಎಲ್ಲಿ ಕಟ್ಟಿಸಬೇಕೆಂದು ಸಭೆಯಲ್ಲಿ ಜಗಳವಾಗಿ ಮತ ಸಮ ಬಂತಂತೆ. ನೀನು ಕಾಲೋನಿಗೆಂದು ಇನ್ನೊಂದು ಸಲ ಕೈ ಎತ್ತಿದೆಯಂತೆ.

"ನಾನೇ ಅಂದೆ ಸಾ, ರತ್ನಮ್ಮ, ಅಧ್ಯಕ್ಷರಿಗೆ ಎಲ್ಡು ಓಟಿಲ್ಲ ಅಂತ ಮೇಷ್ಟ್ರು ಅವತ್ತೇ ಯೋಳಿಲ್ವಾ, ಮರ್ತ್ಬುಟ್ಯಾ ಅಂತ. ಕೈ ಇಳಿಸ್ಬುಟ್ಲು ಕಣಿ ಸಾ. ಸೆಕ್ರೆಟರೀನೂ ಬಾಯ್ ಬಿಡ್ಲಿಲ್ಲ. ಇನ್ನೊಂದ್ ಸಲ ಕೈ ಎತ್ಸುದ್ವಿ, ಟ್ಯಾಂಕು ನಮ್ ಬೀದಿಗೇ ಬಂತು." ಜೋರಾಗಿ ನಕ್ಕ. "ನಿಮ್ ಪಾಠ ನಾನು ಮರ್ತಿಲ್ಲ ಸಾ!"

ನಾನೇನು ಮಾಡಿದೆ ಗೊತ್ತೇ? ಅವನಿಗೆ ಕಾಫಿ ಕೊಡಿಸಿದೆ. ಈ ಸಲ ವರ್ಗದ ಆಸೆಯೂ ಇರಲಿಲ್ಲ, ರಿಟೈರಾಗಿದ್ದೇನೆ. ಆದರೂ ಕೊಡಿಸಿದೆ.

ನೀನೇಕೆ ಕೈ ಇಳಿಸಿದೆಯೋ ನನಗೆ ಗೊತ್ತಿಲ್ಲ. ಮತ ಇದೆಯೆಂದು ಗೊತ್ತಿದ್ದೂ, ಇನ್ನೊಮ್ಮೆ ಎಲ್ಲರೆದುರು ಸುಳ್ಳಿ ಅನ್ನಿಸಿಕೊಳ್ಳುವುದು ಬೇಡವೆಂದು ಇಳಿಸಿದೆಯೇನೋ. ನಿಮ್ಮ ಹೆಂಗಸರು ಈಗಲೂ ದೂರದಿಂದ ನೀರು ಹೊರುತ್ತಿದ್ದಾರೆ, ಮತ್ತು ಆ ಕೊಡಗಳ ಭಾರದಲ್ಲಿ ನನ್ನ ಮಾತೂ ಇದೆ.

ಇದನ್ನು ನಿನ್ನೊಬ್ಬಳ ಮುಂದೆ ಹೇಳಿದರೆ ಸಾಲದು. ಪಂಚಾಯ್ತಿಯ ಮುಂದಿನ ಸಭೆಗೆ ಬರುತ್ತೇನೆ. ಮಂಜು ಇರಲಿ, ಎಲ್ಲರೂ ಇರಲಿ. ಅವತ್ತು ನಿಂತಿದ್ದ ನಿನ್ನನ್ನು ನಾನು ಕೂರಿಸಿದೆ. ಈ ಸಲ ನೀನು ಅಧ್ಯಕ್ಷರ ಕುರ್ಚಿಯಲ್ಲೇ ಕೂತಿರು, ನಾನು ನಿಂತು ಹೇಳುತ್ತೇನೆ.