ಹುಬ್ಬಲ್ಲೇ ಉತ್ತರ ಕೊಟ್ಟ ರೋಗಿ

ಫಿಜಿಯ ಸವುಸವು ಊರಿನ ನರ್ಸ್ ಉನಾಯ್ಸಿಗೆ ಇಪ್ಪತ್ತಾರು ವರ್ಷದ ಅನುಭವವಿತ್ತು. ಅದರಲ್ಲಿ ಅರ್ಧ ಕಿರಿಯರನ್ನು ಬೈಯುವುದರಲ್ಲೇ ಹೋಯಿತು ಎಂದು ತಾನೇ ನಗುತ್ತಿದ್ದಳು. ಈಗ ಅವಳಿಗೆ ಗೊಂಬೆ ರೋಗಿಯನ್ನಿಟ್ಟುಕೊಂಡು ಪಾಠ ಕಲಿಸುವ ಶಿಕ್ಷಕಿಯಾಗುವ ಆಸೆ. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಎರಡೂ ಸಲ ಕಾರಣ ಒಂದೇ: ಕಲಿಯುವವರಿಗೆ ಬಾಯಿ ತೆರೆಯಲು ಬಿಡುವುದಿಲ್ಲ. ಇದು ಮೂರನೆಯ ಸಲ, ಇದೇ ಕೊನೆ.

ಪರೀಕ್ಷಕ ಡಾಕ್ಟರ್ ಸಕಿಯಾಸಿ ಮೂಲೆಯಲ್ಲಿ ಕೂತರು. ಉನಾಯ್ಸಿ ಗಾಜಿನ ಗೋಡೆಯ ಹಿಂದೆ ಮೈಕ್ ಹಿಡಿದಳು. ಉಸಿರಾಡುವಂತೆ ಎದೆ ಏರಿಳಿಯುವ ಆ ಗೊಂಬೆಗೆ ಅವಳದೇ ದನಿ. ಎದೆನೋವಿನ ಮುದುಕನಂತೆ ಎಷ್ಟು ಸೊಗಸಾಗಿ ನರಳಿದಳೆಂದರೆ, ಅವಳಿಗೇ ತನ್ನ ಮೇಲೆ ಕನಿಕರ ಹುಟ್ಟಿತು.

ಉಳಿದ ವಿದ್ಯಾರ್ಥಿಗಳು ನೋಡುತ್ತಿದ್ದಂತೆ, ವಿದ್ಯಾರ್ಥಿನಿ ಕೆಲೆರಾ ಗೊಂಬೆಯತ್ತ ಬಾಗಿದಳು. “ತಾತಾ, ನೋವು ಕೈಗೂ ಇಳೀತಿದ್ಯಾ?”

ಉನಾಯ್ಸಿ ಹುಬ್ಬು ಹಾರಿಸಿದಳು. ನಮ್ಮ ಫಿಜಿಯಲ್ಲಿ ‘ಹೌದು’ ಅನ್ನಲು ಅಷ್ಟು ಸಾಕು.

“ತಾತಾ! ಕೇಳಿಸ್ತಿದ್ಯಾ?”

ಅವಳ ಹುಬ್ಬು ಇನ್ನೂ ಮೇಲೇರಿತು. ಗೊಂಬೆಯ ಹುಬ್ಬು ಮಾತ್ರ ಕಾರ್ಖಾನೆಯಲ್ಲಿ ಬಳಿದ ಜಾಗದಲ್ಲೇ ಇತ್ತು.

ಕೆಲೆರಾ ಗಾಬರಿಬಿದ್ದು ಗೊಂಬೆಯ ಎದೆಯನ್ನು ದಬದಬ ಒತ್ತತೊಡಗಿದಳು.

“ಏಯ್, ಬದುಕಿದೀನಿ ಕಣೇ!” ಎಂದು ಮುದುಕ ಹೆಣ್ಣುದನಿಯಲ್ಲಿ ಕಿರುಚಿದ.

ಆಮೇಲೆ ಎಲ್ಲರೂ ಕುರ್ಚಿ ಎಳೆದು, ನಡೆದದ್ದನ್ನು ಮಾತಾಡಲು ಸುತ್ತ ಕೂತರು. ‘ಉಸಿರು ನೋಡದೆ ಒತ್ತುತ್ತಾರೇನೇ?’ ಎಂಬ ಬೈಗುಳ ಉನಾಯ್ಸಿಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಾವ ಮುಖ ಇಟ್ಟುಕೊಂಡು ಬೈಯುವುದು?

“ತಪ್ಪು ನಂದೇ. ಮೈಕ್ ಕೈಲಿಟ್ಕೊಂಡು ಹುಬ್ಬಲ್ಲಿ ಉತ್ತರ ಕೊಟ್ಟೆ,” ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸರಿ, ಆಗ ನಿಂಗೇನು ಕಾಣಿಸ್ತು, ಹೇಳು.”

ಕೆಲೆರಾ ತಲೆ ತಗ್ಗಿಸಿದಳು. ಉನಾಯ್ಸಿ ತುಟಿ ಕಚ್ಚಿ ಕಾದಳು.

“ಎದೆ ಏರಿಳೀತಿತ್ತು ಸಿಸ್ಟರ್. ನೋಡ್ದೆ.”

“ಮತ್ತೆ ಯಾಕಮ್ಮಾ ಒತ್ತಿದೆ?”

“ಸುಮ್ನೆ ನಿಂತ್ರೆ ನೀವು ಬೈತೀರಲ್ಲಾ...”

ಈ ಸಲ ಯಾರೂ ನಗಲಿಲ್ಲ. ತನ್ನ ಬಾಯಿಗೆ ಹೆದರಿ ಬದುಕಿರುವವನ ಎದೆಯನ್ನೂ ಒತ್ತುತ್ತಾರೆಂದು ಉನಾಯ್ಸಿಗೆ ಗೊತ್ತಿರಲಿಲ್ಲ.

“ನಾನು ಇಲ್ಲಿಲ್ಲ ಅಂದ್ಕೋ. ಏನ್ ಮಾಡ್ತಿದ್ದೆ?” ಎಂದು ಮೆಲ್ಲಗೆ ಕೇಳಿದಳು.

ಕೆಲೆರಾ ಶುರುಮಾಡಿದಳು: ಉಸಿರು, ನಾಡಿ, ಯಾರನ್ನು ಕೂಗುವುದು, ಯಾವಾಗ ಕೂಗುವುದು. ಒಂದೂ ತಪ್ಪಿರಲಿಲ್ಲ. ಉನಾಯ್ಸಿ ಪೂರ್ತಿ ಐದು ನಿಮಿಷ ಬಾಯಿ ಮುಚ್ಚಿ ಕೂತಳು. ಗಂಡ ನೋಡಿದ್ದರೆ ನಂಬುತ್ತಿರಲಿಲ್ಲ.

ಸಕಿಯಾಸಿ ಹಾಳೆ ಚಾಚಿದರು. ಅದರಲ್ಲಿ ಹೀಗಿತ್ತು: ‘ಶಿಕ್ಷಕಿ ಪಾಸು. ರೋಗಿಯ ಪಾತ್ರ ಬೇರೆಯವರಿಗೆ ಕೊಡಿ.’