ಎಂಟುನೂರು ಮೀಟರಿನ ಹುಡುಗಿ

ಶ್ರೀನಿವಾಸಪುರದಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಗೌನಿಪಲ್ಲಿ ಕಡೆಯ ಆ ಹುಡುಗಿ ಎಂಟುನೂರು ಮೀಟರ್ ಓಡುತ್ತಿದ್ದಳು. ಅಂಗಡಿಗೆ ಬಂದರೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಮೆಟ್ಟಿಲಂಚಿಗೆ ಪಾದ ಊರಿ ಮೀನಖಂಡ ಎಳೆದುಕೊಳ್ಳುತ್ತಿದ್ದಳು. ಕೆಮ್ಮಿನ ಔಷಧಿ ಕೊಟ್ಟರೂ ಬಾಟಲಿ ತಿರುಗಿಸಿ ನೋಡಿ, "ಅಣ್ಣ, ಓಡೋರು ಇದ್ನ ತಗೋಬಹುದಾ?" ಎಂದು ಕೇಳುವಳು.

ರಾಜ್ಯಮಟ್ಟದ ಓಟಕ್ಕೆ ಹತ್ತು ದಿನ ಇರುವಾಗ ಜ್ವರದಿಂದ ಸೊರಗಿ ಬಂದಳು. ನಮ್ಮ ಕಡೆ ಸುಸ್ತು ಅಂದವರಿಗೆಲ್ಲ ಡಾಕ್ಟರ ಚೀಟಿ ಇಲ್ಲದೆಯೇ ಶಕ್ತಿಯ ಇಂಜೆಕ್ಷನ್ ಚುಚ್ಚುವುದು ರೂಢಿ. ನಾನು ಸಿರಿಂಜಿಗೆ ಔಷಧಿ ತುಂಬುವಾಗ ಅಂದೂ "ಓಡೋರು ತಗೋಬಹುದಾ?" ಎಂದೇ ಕೇಳಿದಳು. ನಾನು ಡಬ್ಬಿಯ ಮೇಲಿದ್ದದ್ದನ್ನು ಓದಲೇ ಇಲ್ಲ. "ಏನೂ ಆಗಲ್ಲ ತಲ್ಲೀ, ಗೌಡ್ರ ಮನೆ ಅಜ್ಜಿನೇ ಇದ್ನ ತಗೊಂಡು ಓಡಾಡ್ತವ್ರೆ" ಎಂದೆ. ನಕ್ಕು ತೋಳು ಚಾಚಿದಳು.

ಓಟ ಗೆದ್ದಳು. ಆಮೇಲೆ ಮೂತ್ರ ಪರೀಕ್ಷೆಯಲ್ಲಿ ನಿಷೇಧಿಸಿದ ಔಷಧಿ ಸಿಕ್ಕಿತು. ನಾಲ್ಕು ವರ್ಷ ಓಡುವಂತಿಲ್ಲವೆಂದು ಕಾಗದ ಬಂತು.

ಅದನ್ನು ಹಿಡಿದುಕೊಂಡು ನೇರ ಅಂಗಡಿಗೇ ಬಂದಳು. "ಕೊಟ್ಟೋರು ಯಾರು ಅಂತ ಬರೆದು ಕಳ್ಸಿದ್ರೆ ಶಿಕ್ಷೆ ಕಮ್ಮಿ ಮಾಡ್ತಾರಂತೆ ಅಣ್ಣ. ನಾನಿನ್ನೂ ಬರ್ದಿಲ್ಲ. ನಿಮ್ ಅಂಗಡಿ ಮುಚ್ಚಿಸ್ಬಿಡ್ತಾರಲ್ವಾ?"

ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತಳು. "ಬರಿಯಮ್ಮ" ಎಂಬ ಒಂದು ಮಾತಿಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು.

"ಟೀ ತರಿಸ್ಲಾ?" ಎಂದು ಕೇಳಿದೆ.