ಗಿಡದಲ್ಲಿರುವವರೆಗೆ ಕಳ್ಳತನವಲ್ಲ

ಹನುಮಂತನಗರದಲ್ಲಿ ನಾನು ಬಾಡಿಗೆಗಿದ್ದ ಕೋಣೆ ಮಹಡಿಯ ಮೇಲಿತ್ತು. ಕೆಳಗೆ ಮನೆಯ ಯಜಮಾನರೂ ಅವರ ಹೆಂಡತಿಯೂ ಇದ್ದರು. ಯಜಮಾನರು ನಿವೃತ್ತ ಗುಮಾಸ್ತರು, ಮೆತ್ತಗಿನ ಮಾತಿನವರು. ಅವರಿಗೆ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ಬೆಳಗಿನ ವಾಕಿಂಗಿಗೆ ಬರುವವರು, ಕಾಂಪೌಂಡಿನಾಚೆ ಬಾಗಿದ ಅವರ ದಾಸವಾಳವನ್ನೆಲ್ಲ ತಮ್ಮ ಮನೆಯ ಪೂಜೆಗೆಂದು ಬಿಡಿಸಿಕೊಂಡು ಹೋಗುತ್ತಿದ್ದರು.

ನಾನಾಗ ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ತರಗತಿಯಲ್ಲಿ ಕೇಳಿದ ವಿಚಿತ್ರಗಳನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಯಜಮಾನರು ಕಾಫಿಗೆ ಕರೆದು ಕೇಳಿದರು:

“ಏನಮ್ಮ ಲಾಯರ್, ಹೂವು ಕೀಳೋದು ಕಳ್ಳತನ ತಾನೆ?”

“ಅದೇ ತಮಾಷೆ ಅಂಕಲ್. ಹೂವು ಗಿಡದಲ್ಲಿರೋವರೆಗೂ ಅದನ್ನ ಕದಿಯೋಕೇ ಆಗಲ್ಲ. ಭೂಮಿಗೆ ಅಂಟಿಕೊಂಡಿರೋದು ಕಳ್ಳತನಕ್ಕೆ ಬರಲ್ಲ. ಕಿತ್ತ ಕ್ಷಣ ಬರುತ್ತೆ.”

“ಕಿತ್ತ ಮೇಲೆ?”

“ನಿಮ್ಮ ಆಸ್ತಿ ಕಾಪಾಡ್ಕೊಳ್ಳೋ ಹಕ್ಕು ನಿಮಗಿದೆ. ಬೇಕಾದ್ರೆ ಬಲಪ್ರಯೋಗನೂ ಮಾಡ್ಬೋದು.”

ಅವರ ಹೆಂಡತಿ ನಕ್ಕರು, ನಾನೂ ನಕ್ಕೆ. ಆ ಹಕ್ಕಿಗೊಂದು ಮಿತಿಯಿದೆ, ಅಗತ್ಯಕ್ಕಿಂತ ಒಂದೇಟು ಹೆಚ್ಚಾದರೂ ಅಪರಾಧವೇ ಎನ್ನುವುದು ನನಗೆ ಗೊತ್ತಿತ್ತು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವಾದ್ದರಿಂದ ಹೇಳಲಿಲ್ಲ.

ನಾಲ್ಕು ದಿನದ ಮೇಲೆ, ಬೆಳಗ್ಗೆ ಬಟ್ಟೆ ಹರವಲು ಬಾಲ್ಕನಿಗೆ ಬಂದೆ. ಕೆಳಗೆ ಯಜಮಾನರು ಗೇಟಿನ ಮರೆಯಲ್ಲಿ ನಿಂತಿದ್ದರು. ಕೈಯಲ್ಲಿ ಸಂಪಿನ ಮುಚ್ಚಳ ಎತ್ತುವ ಕಬ್ಬಿಣದ ಸರಳು. ಆಚೆ, ಗವಿಪುರದ ಕಡೆಯಿಂದ ದಿನವೂ ಬರುತ್ತಿದ್ದ ಹಿರಿಯರೊಬ್ಬರು ಕೊಕ್ಕೆಕೋಲಿನಿಂದ ಕೊಂಬೆ ಎಳೆದರು. ಯಜಮಾನರು ಕದಲಲಿಲ್ಲ. ಹೂವೊಂದು ಕಿತ್ತು ಪ್ಲಾಸ್ಟಿಕ್ ಕವರಿಗೆ ಬಿದ್ದ ಮೇಲೆಯೇ ಗೇಟು ತೆರೆಯಿತು.

ಮೊದಲ ಏಟು ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದ ಸದ್ದು ಮಹಡಿಗೇ ಕೇಳಿಸಿತು. ಹಿರಿಯರು ಇನ್ನೊಂದು ಕೈಯಿಂದ ಕೋಲು ಬೀಸಿದರು. ಕೊಕ್ಕೆ ಯಜಮಾನರ ಹುಬ್ಬು ಹರಿದು, ರಕ್ತ ಕಣ್ಣಿಗಿಳಿಯಿತು. ಆಗ ಯಜಮಾನರು ಕುರುಡರಂತೆ ಹೊಡೆಯತೊಡಗಿದರು: ಬೆನ್ನಿಗೆ, ಭುಜಕ್ಕೆ, ಬಿದ್ದ ಮೇಲೆ ಮಂಡಿಗೆ. ಕೆಳಗೆ ಬಿದ್ದಿದ್ದ ಹಿರಿಯರು “ಅಯ್ಯೋ, ಬೇಡ, ಬೇಡ” ಎನ್ನುತ್ತ ಮುರಿದ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು.

ನಾನು ಕೆಳಗೆ ಓಡಿಹೋಗಿ ಸರಳು ಹಿಡಿದುಕೊಂಡೆ. “ಬಿಡಿ ಅಂಕಲ್! ಸತ್ತೋಗ್ತಾರೆ!”

ಅವರು ಕಿತ್ತುಕೊಂಡ ರಭಸಕ್ಕೆ ಅದರ ತುದಿ ನನ್ನ ತುಟಿ ಸೀಳಿತು. ನನ್ನ ಬಾಯಿಂದ ರಕ್ತ ಸುರಿಯುವುದನ್ನು ಕಂಡು ನಿಂತರು. ಪಾಠ ಒಪ್ಪಿಸುವ ದನಿಯಲ್ಲಿ, “ಕಿತ್ತ ಮೇಲೇ ಹೊಡೆದಿದ್ದು ಕಣಮ್ಮ” ಎಂದರು.

ನನ್ನ ತುಟಿಗೆ ಮೂರು ಹೊಲಿಗೆ ಬಿದ್ದವು. ಕಾನೂನಿನ ಪ್ರಕಾರ ಅದು ಸಾಧಾರಣ ಗಾಯ. ಎಲುಬು ಮುರಿದದ್ದು ಮಾತ್ರ ತೀವ್ರ ಗಾಯ. ಠಾಣೆಯಲ್ಲಿ ಯಜಮಾನರು, “ಇವಳು ಲಾ ಓದ್ತಿದಾಳೆ, ಇವಳನ್ನೇ ಕೇಳಿ ಸಾರ್” ಎಂದು ನನ್ನತ್ತ ಬೆರಳು ಮಾಡಿದರು. ಬಿದ್ದವರಿಗೆ ಹೊಡೆದದ್ದನ್ನು ಹೇಳಿದೆ. ನಾನು ಹೇಳಿಕೊಟ್ಟಿದ್ದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿ, “ಅರ್ಧ ಕಾನೂನು ಯಾಕಮ್ಮ ಹೇಳ್ಕೊಡ್ತೀರಾ?” ಎಂದು ಕೇಳಿದರು.

ಆ ವಾರವೇ ಯಜಮಾನರ ಹೆಂಡತಿ ಮಹಡಿಗೆ ಬಂದರು. “ನನ್ನ ಮೇಲೆ ಒಂದು ದಿನಾನೂ ಕೈ ಎತ್ತಿದೋರಲ್ಲ ಅವರು. ನಿನ್ನ ನೋಡಿದ್ರೆ ನಂಗೆ ಆ ಸರಳು ಕಣ್ಮುಂದೆ ಬರುತ್ತೆ. ಬೇರೆ ರೂಮ್ ನೋಡ್ಕೊಂಬಿಡು.” ನಾನು ಚಾಮರಾಜಪೇಟೆಗೆ ಹೋದೆ.

ಮೊಕದ್ದಮೆ ಒಂದೂವರೆ ವರ್ಷ ನಡೆಯಿತು. ನನ್ನ ಸಾಕ್ಷ್ಯದಿಂದ ಯಜಮಾನರ ಅಪರಾಧ ಸಾಬೀತಾಯಿತು. ವಯಸ್ಸು ನೋಡಿ ನ್ಯಾಯಾಧೀಶರು ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಯಜಮಾನರು ಸಹಿ ಹಾಕಿ ಹೊರಟರು. ನನ್ನ ಕಡೆ ನೋಡಲಿಲ್ಲ.

ಏಟು ತಿಂದವರ ಕ್ಷಮೆ ಕೇಳಲು ಒಂದು ಸಂಜೆ ಗವಿಪುರಕ್ಕೆ ಹೋದೆ. ಬಾಗಿಲು ತೆರೆದ ಅವರ ಮಗಳು ನಾನು ಯಾರೆಂದು ಕೇಳಿ ತಿಳಿದುಕೊಂಡಳು. “ಅಪ್ಪನಿಗೆ ಈಗ್ಲೂ ಆ ಕೈ ತಿರುಗಲ್ಲ. ಯಾರಾದ್ರೂ ಬೆಲ್ ಮಾಡಿದ್ರೆ ಒಳಗೆ ಹೋಗಿ ಕೂತ್ಕೊಂಬಿಡ್ತಾರೆ. ದಯವಿಟ್ಟು ಇನ್ನೊಂದ್ಸಲ ಬರ್ಬೇಡಿ” ಎಂದಳು. ಸರಿ ಎಂದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.